ಮುಚ್ಚಳ ತೆಗೆದ ಅಕ್ಕ

ನಮ್ಮ ಅಕ್ಕನಿಗೆ ಮುಚ್ಚಿಟ್ಟ ನೀರು ಕಂಡರೆ ಆಗುವುದಿಲ್ಲ. ಕೊಡವಾಗಲಿ, ಟ್ಯಾಂಕಾಗಲಿ, ಗಾಳಿಯಾಡಬೇಕು. ಕಳೆದ ವಾರ ಈ ಒಳ್ಳೆಯ ಅಭ್ಯಾಸ ಅವಳ ಮೊಮ್ಮಗನಿಗೇ ಮುಳುವಾಗುತ್ತಿತ್ತು.

ಅಕ್ಕನ ಊರು ದೇವದುರ್ಗದ ಹತ್ತಿರ. ಅಲ್ಲಿಯ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಜಾಸ್ತಿ. (ಬಣ್ಣವಿಲ್ಲ, ವಾಸನೆಯಿಲ್ಲ, ಹಾಗಾಗಿ ಯಾರಿಗೂ ಚಿಂತೆಯಿಲ್ಲ.) ಅದನ್ನು ತೆಗೆಯಲು ಒಂದು ಪ್ಲಾಂಟ್ ಹಾಕಿದ್ದಾರೆ. ದುಡಿಯುವುದು ಬ್ಯಾಕ್ಟೀರಿಯಾ. ಮುಚ್ಚಿದ ಟ್ಯಾಂಕಿನಲ್ಲಿ ಅವು ನೈಟ್ರೇಟ್ ಖಾಲಿ ಮಾಡುತ್ತವೆ. ಆಮೇಲೆ ನೀರು ಸೋಸಿ, ಕ್ಲೋರಿನ್ ಹಾಕಿ ನಲ್ಲಿಗೆ ಬಿಡುತ್ತಾರೆ. ನೋಡಿಕೊಳ್ಳುವ ಜವಾಬ್ದಾರಿ ಮಹಿಳಾ ಸಂಘದ್ದು. ಅಂದರೆ ಅಕ್ಕನದು.

ನಾನು ರಾಯಚೂರಿನಿಂದ ಹೋದ ದಿನವೇ ಮಾನ್ವಿಯ ಇಂಜಿನಿಯರ್ ಹುಡುಗಿಯೊಬ್ಬಳು ನೀರು ಟೆಸ್ಟ್ ಮಾಡಲು ಬಂದಿದ್ದಳು. ನಲ್ಲಿ ನೀರಿಗೆ ಅದ್ದಿದ ಪಟ್ಟಿ ಕಡುಗುಲಾಬಿಗೆ ತಿರುಗಿತು. ನೈಟ್ರೇಟ್ ಇಳಿದೇ ಇಲ್ಲ. ಹುಡುಗಿ ಟ್ಯಾಂಕಿನತ್ತ ನೋಡಿದಳು.

"ಟ್ಯಾಂಕಿನ ಮುಚ್ಚಳ ಯಾರು ತೆಗ್ದಾರ್ರೀ?"

"ನಾನೇ. ವಾಸನಿ ಬರಾಕತ್ತಿತ್ತು. ಗಾಳಿ ಆಡ್ಲಿ ಅಂತ ತೆಗ್ದು, ಪೈಪಿನ ನೀರೂ ಮ್ಯಾಲಿಂದ ಬೀಳೂಹಂಗ ಮಾಡೀನಿ," ಅಂದಳು ಅಕ್ಕ, ಶಭಾಸ್‌ಗಿರಿಗೆ ಕಾಯುತ್ತಾ.

"ಗಾಳಿ ಸಿಕ್ರ ಬ್ಯಾಕ್ಟೀರಿಯಾ ನೈಟ್ರೇಟ್ ಮುಟ್ಟಂಗಿಲ್ರೀ ಯವ್ವಾ. ಉಸಿರಾಡಾಕ ಬ್ಯಾರೆ ಏನೂ ಇಲ್ದಾಗ ಅಷ್ಟೇ ಅದನ್ನ ಬಳಸ್ತಾವ."

ಸರಿಯೇ. ಮನೆಯಲ್ಲಿ ಹೋಳಿಗೆ ಇರುವಾಗ ಉಪ್ಪಿಟ್ಟು ಯಾರಿಗೆ ಬೇಕು?

ಅಷ್ಟರಲ್ಲಿ ಹುಡುಗಿಯ ಕಣ್ಣು ಅಕ್ಕನ ಸೊಸೆಯ ಮೇಲೆ ಬಿತ್ತು. ತೊಡೆಯ ಮೇಲೆ ಎಳೆಗೂಸು, ಕೈಯಲ್ಲಿ ಪೌಡರ್ ಹಾಲಿನ ಬಾಟಲಿ.

"ಇದಕ್ಕ ಯಾವ ನೀರು?"

"ಇದೇ. ಚೊಲೋತ್ನಾಗಿ ಕುದಿಸಿ, ಅರ್ಧಕ್ಕ ಇಳಿಸಿ ಹಾಕ್ತೀವಿ."

ಕುದಿಸಿದರೆ ಆವಿಯಾಗುವುದು ನೀರು. ನೈಟ್ರೇಟ್ ಅಲ್ಲೇ ಉಳಿದು ಇನ್ನಷ್ಟು ದಟ್ಟವಾಗುತ್ತದೆ. ಅದು ಹೆಚ್ಚಾದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ, ಮೈ ನೀಲಿಗಟ್ಟುತ್ತದೆ. ಹುಡುಗಿ ಬಾಟಲಿ ಕಸಿದುಕೊಂಡು ಕೂಸಿನ ತುಟಿ, ಉಗುರು ನೋಡಿದಳು. ಕೆಂಪಗೇ ಇದ್ದವು. ದೇವದುರ್ಗಕ್ಕೆ ಒಯ್ದು ತೋರಿಸಿದಾಗ ಡಾಕ್ಟರೂ ಏನಿಲ್ಲ ಅಂದರು.

ಟ್ಯಾಂಕಿಗೆ ಮುಚ್ಚಳ ಬಿತ್ತು. ಕೂಸಿಗೆ ಬೇರೆ ನೀರು ಬಂತು. "ಯಾರಿಗೂ ಹೇಳಬ್ಯಾಡ ಅತ್ತಿ," ಅಂದಳು ಸೊಸೆ.

ಅಕ್ಕ ಚಪ್ಪಲಿ ಮೆಟ್ಟಿದಳು. "ಊರಾಗ ನಮ್ದೊಂದೇ ಕೂಸು ಅದ ಏನು?"

ಎಳೆಗೂಸಿದ್ದ ಪ್ರತಿ ಮನೆಗೂ ಹೋಗಿ, "ಮುಚ್ಚಳ ತೆಗ್ದಾಕಿ ನಾನೇ, ಕೂಸಿಗೆ ಈ ನೀರು ಕೊಡಬ್ಯಾಡ್ರಿ" ಎಂದು ಹೇಳಿ ಬಂದಳು.

ಆ ನೈಟ್ರೇಟ್ ಬೋರ್‌ವೆಲ್‌ಗೆ ಇಳಿದದ್ದು ನನ್ನಂಥ ರೈತರು ಹೊಲಕ್ಕೆ ಸುರಿದ ಯೂರಿಯಾದಿಂದ. ನಾವು ಯಾರ ಮನೆಗೆ ಹೋಗಿ ಹೇಳೋಣ?