ಹೊಳೆಯಪ್ಪ ಹಾಕಿದ ಕಡೆಯ ಉರುಲು

ಬೆಳ್ಳಟ್ಟಿಯ ಹೊಳೆಯಪ್ಪನಿಗೆ ಈಗ ಅರವತ್ತೆಂಟು. ಮಣ್ಣಿನಲ್ಲಿ ಹೆಜ್ಜೆ ಮೂಡಿದ್ದರೆ ಸಾಕು, ಅದು ನರಿಯದೋ ಕಾಡುಬೆಕ್ಕಿನದೋ, ಹಸಿದು ಹೋದದ್ದೋ ತಿಂದು ಹೋದದ್ದೋ, ಹೇಳಿಬಿಡುತ್ತಾನೆ. ಅಪ್ಪ ಕಲಿಸಿದ ವಿದ್ಯೆ. ಆ ಕಾಲಕ್ಕೆ ಅಪ್ಪ-ಮಗ ಪುಂಡಿನಾರಿನ ಉರುಲು ಹಾಕಿ ನರಿ, ಮೊಲ ಹಿಡಿಯುತ್ತಿದ್ದರು. ಕಾಯ್ದೆ ಬಿಗಿಯಾದ ಮೇಲೆ ಅದನ್ನು ಬಿಟ್ಟು ಕೂಲಿಗೆ ಹತ್ತಿದ. ಮಕ್ಕಳಿಲ್ಲ. ಹೆಂಡತಿ ಹನಮಂತವ್ವ, ಕೆಂಚಿ ಎಂಬ ಕಂದು ಬಣ್ಣದ ಹೆಣ್ಣುನಾಯಿ, ಇಷ್ಟೇ ಸಂಸಾರ.

ಕೆಂಚಿಗೆ ದಿನಕ್ಕೊಂದು ಜೋಳದ ರೊಟ್ಟಿ. ಹನಮಂತವ್ವ ಗಂಡನನ್ನು ಹಂಗಿಸುತ್ತಿದ್ದಳು: "ಒಂದ ರೊಟ್ಟಿ ತಿಂದು ಹೆಂಗ ಮಿಂಚತಾಳ ನೋಡ್ರಿ. ನೀವು ನಾಕ ತಿಂದ್ರೂ ಎಲುಬು ಎಣಸಬಹುದು!"

ಹೋದ ವರ್ಷ ಚಳಿಗಾಲದಲ್ಲಿ ಕೆಂಚಿ ಮೂರು ಮರಿ ಹಾಕಿದಳು. ಅದರ ಹಿಂದೆಯೇ ನೆರೆಮನೆಯ ಮುತ್ತವ್ವ ಅಳುತ್ತ ಬಂದಳು. ಗಂಡ ತೀರಿದ ಮೇಲೆ ಹನ್ನೊಂದು ಕುರಿಗಳನ್ನೇ ನಂಬಿ ಬದುಕಿದ್ದವಳು.

"ಅಣ್ಣಾ, ನರಿ ನಾಕನೇ ಮರಿ ಒಯ್ತು. ತಾಯಿಕುರಿ ಒದರೋದು ಕೇಳಾಕ ಆಗವಲ್ದು. ಕೈ ಮುಗಿತೀನಿ, ಉರುಲು ಹಾಕು."

"ಬಿಟ್ಟು ಇಪ್ಪತ್ತ ವರ್ಷ ಆತು, ತಂಗಿ. ಫಾರೆಸ್ಟ್ ಸಾಹೇಬರು ಕಂಡ್ರ ನನಗ ಉರುಲು ಹಾಕ್ತಾರ."

ಹಾಗೆಂದನೇ ಹೊರತು, ಆ ಕುರಿ ಒದರುವುದು ಅವನಿಗೂ ಕೇಳಿಸುತ್ತಿತ್ತು. ಪುಂಡಿನಾರು ಈಗ ಎಲ್ಲಿ ಸಿಗಬೇಕು? ಗ್ಯಾರೇಜಿನಿಂದ ಮೋಟಾರ್‌ಸೈಕಲ್ಲಿನ ಹಳೆ ಕ್ಲಚ್ ತಂತಿ ತಂದ. ಹಳ್ಳದ ದಂಡೆಯ ಜಾಲಿ ಪೊದೆಯ ಸಂದಿಯಲ್ಲಿ ಉರುಲು ಕಟ್ಟಿ, ಆಚೆಗೆ ಸತ್ತ ಕೋಳಿಯೊಂದನ್ನು ಇಟ್ಟ. ನಾಲ್ಕು ದಿನ ಇರುವೆ ಮುತ್ತಿದವು. ನರಿ ಮೂಸಿಯೂ ನೋಡಲಿಲ್ಲ.

ಹೊಳೆಯಪ್ಪ ಹೆಜ್ಜೆ ಹಿಡಿದು ಹೊರಟ. ಹೆಜ್ಜೆಗಳು ದ್ಯಾಮಪ್ಪನ ಕೋಳಿ ಫಾರ್ಮಿನ ಹಿಂದಿನ ತಗ್ಗಿಗೆ ಇಳಿದಿದ್ದವು. ಫಾರ್ಮಿನಲ್ಲಿ ಸತ್ತ ಕೋಳಿಗಳನ್ನೆಲ್ಲ ದಿನವೂ ಅಲ್ಲಿಯೇ ಎಸೆಯುತ್ತಿದ್ದರು. ನರಿಯ ಹೆಜ್ಜೆಗಳ ನಡುವೆ ನಾಯಿಯ ಹೆಜ್ಜೆಗಳೂ ಇದ್ದವು. ಯಾವುದೋ ಬೀದಿನಾಯಿ ಎಂದುಕೊಂಡು, ಬಗ್ಗಿ ನೋಡದೆ ದಾಟಿದ.

"ಹೊಟ್ಟಿ ತುಂಬಿರೋವಾಗ ಅದು ನನ್ನ ಒಂದ ಕೋಳಿಗೆ ಯಾಕ ಬರ್ತೈತಿ? ಎಂಟ ದಿನ ಸತ್ತ ಕೋಳಿ ಎಲ್ಲಾ ಹುಗದಬಿಡು, ದ್ಯಾಮಪ್ಪ. ಹಸಿವಿಗೆ ತಾನ ಬರ್ತೈತಿ."

"ಆತು ಮಾರಾಯಾ, ನನಗೂ ನಾತ ತಪ್ಪತೈತಿ."

ತಗ್ಗು ಬರಿದಾಯಿತು. ಮುತ್ತವ್ವ ಉಳಿದ ಮರಿಗಳನ್ನು ಮನೆಯೊಳಗೆ ಕಟ್ಟಿಕೊಂಡಳು. ಹೊಳೆಯಪ್ಪನ ಮನೆಯಲ್ಲಿ ಕೆಂಚಿ ರೊಟ್ಟಿ ತಿಂದ ಮೇಲೂ ಬೋಗುಣಿ ನೆಕ್ಕುತ್ತ ಬಾಗಿಲು ಬಿಡದಾದಳು.

"ಹೊಟ್ಟಿಬಾಕಿ! ಮೊನ್ನಿತನಾ ಒಂದ ಸಾಕಾಗತಿತ್ತಲ್ಲ ನಿನಗ?" ಎಂದು ಹನಮಂತವ್ವ ಗದರಿ ಅಟ್ಟಿದಳು. ಹೊಳೆಯಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ ಮೆಲ್ಲುತ್ತಿದ್ದ. ಕೇಳಿಸಿಕೊಂಡು ನಕ್ಕ.

ಎಂಟನೆಯ ಸಂಜೆ ಹೊಸ ಕೋಳಿ ಇಟ್ಟು ಬಂದ. ಬೆಳಕು ಹರಿಯುತ್ತಲೇ ಮುತ್ತವ್ವನೊಂದಿಗೆ ಹೋದ. ಪೊದೆಯಲ್ಲಿ ಕಂದು ಮೈ ಕಂಡಿದ್ದೇ ಮುತ್ತವ್ವ, "ಸಿಕ್ಕತು! ಸಿಕ್ಕತು ಅಣ್ಣಾ!" ಎಂದು ಕೂಗಿದಳು.

ಹೊಳೆಯಪ್ಪ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತುಬಿಟ್ಟ. ಹಾಲು ತುಂಬಿದ ಮೊಲೆಗಳು ಕಾಣಿಸಿದವು. ತಂತಿಯನ್ನು ಕಡಿದು ಕಡಿದು ಕೆಂಚಿಯ ಬಾಯೆಲ್ಲ ರಕ್ತವಾಗಿತ್ತು. ನಾರಾಗಿದ್ದರೆ ಹರಿದುಕೊಂಡು ಬರುತ್ತಿದ್ದಳು. ಕೋಳಿ ಮಾತ್ರ ಇಟ್ಟಲ್ಲೇ ಇತ್ತು, ಅವಳ ಮೂತಿಗೆ ಒಂದು ಗೇಣು ದೂರ.

ತಣ್ಣಗಾಗಿದ್ದ ಅವಳ ಮೈಯನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ. ಹನಮಂತವ್ವ ಕಿರುಚಲಿಲ್ಲ, ಬೈಯಲಿಲ್ಲ. "ಇನ್ನೊಂದ ರೊಟ್ಟಿ ಹಾಕಿದ್ರ..." ಎಂದಳು.

"ಆ ತಗ್ಗಿನ್ಯಾಗ ನಮ್ಮ ಕೆಂಚಿ ಹೆಜ್ಜಿ ಇತ್ತು. ನಾ ನೋಡಿದ್ನಿ," ಎಂದ ಹೊಳೆಯಪ್ಪ. "ನೋಡಿ ದಾಟಿ ಬಂದ್ನಿ."

ಮರಿಗಳು ಆಗಷ್ಟೇ ಕಣ್ಣು ಬಿಡುತ್ತಿದ್ದವು. ಮುತ್ತವ್ವ, ಮರಿ ಕಳೆದುಕೊಂಡ ಆ ಕುರಿಯನ್ನೇ ಹಿಂಡಿ, ಸೆರಗಿನಡಿ ಲೋಟ ಮುಚ್ಚಿಕೊಂಡು ದಿನಕ್ಕೆ ಮೂರು ಸಲ ಬಂದಳು. ಹೊಳೆಯಪ್ಪ ಅರಿವೆಯ ಬತ್ತಿ ಅದ್ದಿ ಒಂದೊಂದರ ಬಾಯಿಗೆ ಹಿಡಿದ. ಎರಡು ಉಳಿಯಲಿಲ್ಲ. ಒಂದು ಉಳಿಯಿತು.

ನರಿ ಆಮೇಲೂ ಸಿಗಲಿಲ್ಲ. ಹೊಳೆಯಪ್ಪ ತಾನೇ ಕಲ್ಲು ಹೊತ್ತು ಮುತ್ತವ್ವನ ಕುರಿದೊಡ್ಡಿಗೆ ಎದೆಮಟ್ಟ ಗೋಡೆ ಕಟ್ಟಿಕೊಟ್ಟ. ಕಾಡುಬೆಕ್ಕು ಕಾಟ ಕೊಡುತ್ತಿದೆ, ಉರುಲು ಹಾಕು ಎಂದು ಯಾರಾದರೂ ಕೇಳಿದರೆ, "ಬಾಗಲಾ ಗಟ್ಟಿ ಮಾಡ್ಕೊರಿ" ಎಂದು ಎದ್ದು ಹೋಗುತ್ತಾನೆ.

ಆ ಮರಿ ಈಗ ತಾಯಿಯ ಬಣ್ಣವನ್ನೇ ಹೊತ್ತು ಬೆಳೆದಿದೆ. ಹನಮಂತವ್ವ ಅದಕ್ಕೆ ಎರಡು ರೊಟ್ಟಿ ಹಾಕುತ್ತಾಳೆ. ತಿಂದು ಮುಗಿಸುವವರೆಗೆ ಹೊಳೆಯಪ್ಪ ಎದುರಿಗೇ ಕುಕ್ಕರಗಾಲಿನಲ್ಲಿ ಕೂತಿರುತ್ತಾನೆ.

"ಸಾಕಾತೇನವ್ವಾ?"

ಅದು ಬಾಲ ಆಡಿಸುತ್ತದೆ. ಅವನಿಗೆ ನಂಬಿಕೆ ಬರುವುದಿಲ್ಲ. ತನ್ನ ತಾಟಿನ ರೊಟ್ಟಿಯಲ್ಲಿ ಅರ್ಧ ಮುರಿದು ಹಾಕುತ್ತಾನೆ.