ಹಡಗಿನಜ್ಜ ಬಡಿಸಿದ ಇಟಲಿ ಊಟ

ಹಡಗಿನಜ್ಜನ ಬಲಗೈಯಲ್ಲಿ ಮೊಣಕೈವರೆಗೆ ಒಂದು ರೋಮವೂ ಇರಲಿಲ್ಲ. ಮೂವತ್ತು ವರ್ಷ ಹಡಗಿನ ಒಲೆಯ ಮುಂದೆ ನಿಂತ ಚರ್ಮ ಹುರಿದ ಗೋಡಂಬಿಯ ಹಾಗೆ ಮಿರುಗುತ್ತಿತ್ತು. ಹೊನ್ನಾವರದಲ್ಲಿ ನಮ್ಮ ಪಕ್ಕದ ಮನೆಯವರು. ಇಟಲಿಯ ಬಂದರುಗಳಲ್ಲಿ ಅಡುಗೆ ಕಲಿತೆ, ಊರಿನ ನೆನಪಾಗಿ ಇಳಿದು ಬಂದೆ ಎನ್ನುತ್ತಿದ್ದರು.

ಅರವತ್ತರ ದಶಕದ ಆರಂಭ. ನಾನು ಹಂಚಿನ ಕಾರ್ಖಾನೆಯ ಗುಮಾಸ್ತ. ಯಂತ್ರ ಕೂರಿಸಲು ಬಂದ ಇಟಲಿಯ ಎಂಜಿನಿಯರ್ ನಮ್ಮ ಖಾರಕ್ಕೆ ಹೊಟ್ಟೆ ಕೆಡಿಸಿಕೊಂಡು ಬಾಳೆಹಣ್ಣಿನಲ್ಲೇ ದಿನ ತಳ್ಳುತ್ತಿದ್ದ. "ಭಾನುವಾರ ಸಂಜೆ ನಿಮ್ಮನೆಯಲ್ಲಿ ಅವನಿಗೆ ಹಿಡಿಸುವ ಊಟ ಹಾಕಿ" ಎಂದರು ಧಣಿ. ಅಂದಿನಿಂದ ನನಗೂ ಊಟ ಸೇರಲಿಲ್ಲ. ಅವನು ಸತ್ತರೆ ಯಾರಿಗೆ ತಂತಿ ಕೊಡಬೇಕು ಎಂಬಲ್ಲಿಯವರೆಗೆ ಯೋಚಿಸಿದ್ದೆ.

"ಇವರಿಗೆ ಚಿಂತೆ ಮಾಡೂದಕ್ಕೇ ಸಂಬಳ," ಎಂದಳು ಹೆಂಡತಿ, ಹಡಗಿನಜ್ಜನನ್ನು ಕರೆದು.

ಅಜ್ಜ ಮೂರೇ ಬೆರಳು ಮಡಚಿದರು. ತರಕಾರಿ ಬೇಯಿಸಿದ ತಿಳಿಸಾರು, ಗೋದಿಹಿಟ್ಟಿನ ಪಟ್ಟಿಗೆ ಟೊಮೆಟೊ ಗೊಜ್ಜು, ಕೊನೆಗೆ ಹಣ್ಣು. ಮೆಣಸು ಬೇಡ, ಕಾಯಿ ಬೇಡ.

"ಕಾಯಿ ಇಲ್ದೆ ಎಂತ ಅಡುಗೆ ಅಜ್ಜ?"

"ಅವರಲ್ಲಿ ತೆಂಗಿನಮರ ಇಲ್ಲ ತಂಗಿ, ಪಾಪ."

ಭಾನುವಾರ ಹಿಟ್ಟು ನಾದಿ, ಚಪಾತಿಯಂತೆ ಲಟ್ಟಿಸಿ, ಚಾಕುವಿನಿಂದ ಸಪೂರ ಪಟ್ಟಿ ಕೊಯ್ದು ಹಗ್ಗದ ಮೇಲೆ ಒಣಹಾಕಿದರು. ರುಚಿ ಮಾತ್ರ ನೋಡಲಿಲ್ಲ. ದೇವರಿಗೆ ತೋರಿಸುವ ಮೊದಲು ಎಂಜಲು ಮಾಡಬಾರದು ಎಂಬುದು ಅವರ ನಿಯಮ. ನಮ್ಮ ಕೇರಿಯೇ ಅದನ್ನು ಮೆಚ್ಚಿತ್ತು. ದೇವರ ಮೇಲೆ ನನಗೆ ಅಷ್ಟು ನಂಬಿಕೆ ಇರಲಿಲ್ಲವೋ ಏನೋ, ಅವರು ಬಾವಿಕಟ್ಟೆಗೆ ಹೋದಾಗ ಗೊಜ್ಜಿಗೆ ಬೆರಳದ್ದಿ ನೆಕ್ಕಿದೆ. ಸಮುದ್ರದ ನೀರು!

ತಿರುಗಿದರೆ ಅಜ್ಜ ಬಾಗಿಲಲ್ಲಿ.

"ಉಪ್ಪೋ?"

ತಲೆಯಾಡಿಸಿದೆ. ಅವರು ಮಣೆಯ ಮೇಲೆ ಕುಸಿದರು. "ಇದು ನಲವತ್ತು ಜನರ ಅಡುಗೆಗೆ ಉಪ್ಪು ಹಾಕಿದ ಕೈ. ಹಡಗಿನಲ್ಲಿ ಜ್ವರ ಬಂದು ನಾಲಿಗೆ ಸತ್ತುಹೋತು ಗುಮಾಸ್ತರೇ. ಅದಕ್ಕೇ ಕಂಪನಿಯವರು ಇಳಿಸಿದ್ದು. ಗೊತ್ತಾದ್ರೆ ನಾಳೆಯಿಂದ ನನ್ನ ಯಾರೂ ಒಲೆ ಹತ್ರ ಬಿಡೂದಿಲ್ಲ."

ನನ್ನ ಜೀವಮಾನದಲ್ಲಿ ಚಿಂತೆ ಮಾಡದೆ ಆಡಿದ ಮಾತು ಅದೊಂದೇ: "ನಾಲಿಗೆ ನನ್ನದಿದೆ. ಎಂತ ಹಾಕಬೇಕು ಹೇಳಿ."

"ಟೊಮೆಟೊ ತನ್ನಿ, ಇದ್ದಷ್ಟೂ. ಪಟ್ಟಿಗೆ ಉಪ್ಪು ಬೇಡ."

ನಾನು ನೆಕ್ಕಿದೆ, ಅವರು ತಿದ್ದಿದರು. ಐದನೆಯ ಸಲಕ್ಕೆ "ಆತು" ಎಂದೆ. ದೇವರಿಗೆ ತೋರಿಸುವುದನ್ನು ಹೆಂಡತಿಯೇ ಮಾಡಿದಳು. ನಾನು ಗೋಡೆಯತ್ತ ನೋಡುತ್ತ ನಿಂತೆ.

ಎಂಜಿನಿಯರ್ ಮೊದಲ ತುತ್ತು ಬಾಯಿಗಿಟ್ಟ. ನಾನು ನೀರಿನ ಚೊಂಬು ಅವನ ಹತ್ತಿರ ಸರಿಸಿದೆ. ಆಮೇಲೆ ತಟ್ಟೆ ಬರಿದಾಯಿತು, ಮತ್ತೊಮ್ಮೆ ತುಂಬಿತು. ಎದ್ದವನು ಅಜ್ಜನ ಎರಡೂ ಕೈ ಹಿಡಿದು ತನ್ನ ಭಾಷೆಯಲ್ಲಿ ಏನೋ ಹೇಳಿದ. ಅಜ್ಜ ಅದೇ ಭಾಷೆಯಲ್ಲಿ ಉತ್ತರಿಸಿದರು. ಅವನು ಹೋದ ಮೇಲೆ ನನ್ನನ್ನು ಮೂಲೆಗೆ ಕರೆದರು.

"ಹ್ಯಾಗಿತ್ತು? ಸರಿಯಾಗಿ ಹೇಳಿ."

"ಚೆನ್ನಾಗಿತ್ತು."

"ಅದು ಹೇಳಿದ ಹಾಗಲ್ಲ."

ಹೀಗೆ ನಾನು ಅವರಿಗೆ ರುಚಿ ಹೇಳುವವನಾದೆ. ಹುಳಿ ಮುಂದೆ ಬಂತೋ ಹಿಂದೆ ಬಂತೋ ಎಂದು ವರ್ಷಗಟ್ಟಲೆ ಕೇಳಿದರು. ಅಲ್ಲಿಯವರೆಗೆ ಆಫೀಸಿನ ಯೋಚನೆಯಲ್ಲಿ ಅನ್ನ ನುಂಗುತ್ತಿದ್ದ ನನಗೆ ಊಟ ಮಾಡಲು ಕಲಿಸಿದ್ದು ರುಚಿ ತಿಳಿಯದ ಆ ಮನುಷ್ಯ.

ಆ ಊಟವಾಗಿ ಹದಿನೈದು ವರ್ಷಕ್ಕೆ ಅಜ್ಜ ಮಲಗಿದಲ್ಲೇ ಆದರು. ನೋಡಲು ಹೋದ ದಿನ ಸೊಸೆ ಗಂಜಿಯ ಬಟ್ಟಲು ಇಟ್ಟು ಹೋದಳು. ಅಜ್ಜ ಕಣ್ಣಿನಲ್ಲೇ ಕೇಳಿದರು. ಒಂದು ಚಮಚ ಕುಡಿದು ನೋಡಿದೆ.

"ತಳ ಹಿಡಿದಿದೆ ಅಜ್ಜ. ಹೊಗೆ ವಾಸನೆ."

"ಅವಳಿಗೆ ಹೇಳಬೇಡಿ," ಎಂದು ಬಟ್ಟಲು ತೆಗೆದುಕೊಂಡು ಪೂರ್ತಿ ಕುಡಿದರು. ನಾಲ್ಕು ದಿನಕ್ಕೆ ಹೋಗಿಬಿಟ್ಟರು.