ಬೆಂಡೆಯ ಮೊಗ್ಗು, ವಿಶ್ವನಗರದ ಸಭೆ

ಆಗ ನನಗೆ ಅರವತ್ತೆರಡು. ಐದು ವರ್ಷದ ಹಿಂದಿನ ಮಾತು. ಇವತ್ತು ಹಿರೇಕೆರೂರಿನ ಬಸ್ ನಿಲ್ದಾಣದ ಎದುರು ಹೊಸ ಫಲಕ ಕಂಡೆ: ‘ಜಗತ್ತಿನ ಕಡೆಗೆ ನಮ್ಮ ಊರು’. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ‘ಜಗತ್ತಿನ’ ಮುಗಿಸುವಷ್ಟರಲ್ಲಿ ಬಸ್ಸು ಹೋಯಿತು. ಇನ್ನೊಂದು ಬರಲು ತಾಸು ಹೊತ್ತಿದೆ. ನೀವೂ ಕುಳಿತುಕೊಳ್ಳಿ, ಹೇಳುತ್ತೇನೆ.

ಬೆಳೆಯುವ ಊರು ಜಗತ್ತಿಗೇ ದೊಡ್ಡದಾಗುವುದು ಹೇಗೆ ಎಂದು ತಿಳಿಸಲು ಅವತ್ತು ಇದೇ ಊರಲ್ಲಿ ‘ವಿಶ್ವನಗರ’ ಎಂಬ ಹೆಸರಿನ ಒಂದು ಸಭೆ. ಕುರ್ಚಿ ಬಹಳ, ತಿಳಿದುಕೊಳ್ಳುವವರು ಕಡಿಮೆ. ಅದಕ್ಕೆ ಹಾನಗಲ್ಲು, ಶಿಗ್ಗಾವಿ, ಸವಣೂರಿನಿಂದೆಲ್ಲ ಟೆಂಪೋ ತುಂಬ ಹೆಂಗಸರನ್ನು ತಂದಿದ್ದರು. ಮುಂದಿನ ಸಾಲಿನಲ್ಲಿ ಕೂಡಿಸುತ್ತೇವೆ ಎಂದದ್ದಕ್ಕೆ ನಾನೂ ನಮ್ಮ ಹಳ್ಳಿಯಿಂದ ಹೊರಟೆ. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಮುಂದೆ ಕೂಡಿಸಿರಲಿಲ್ಲ, ಆಸೆ. ಬೇಡವೆಂದವಳು ಸೊಸೆ ಗಂಗವ್ವ.

“ಅತ್ತಿ, ಮೊಗ್ಗು ನಮ್ಮ ದಾರಿ ಕಾಯೂದಿಲ್ರಿ.”

ಎರಡು ಹೊಡೆಯುವುದರೊಳಗೆ ತಿರುಗಿ ಬರುತ್ತೇವೆ ಎಂದು ಗದರಿಸಿ ಅವಳನ್ನೂ ಟೆಂಪೋ ಹತ್ತಿಸಿದೆ.

ನೀವು ಬೆಂಡೆಕಾಯಿ ಹುರಿದು ತಿನ್ನುವವರು, ಮೊಗ್ಗಿನ ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮದು ಕಂಪನಿಗೆ ಬೀಜ ಮಾಡಿಕೊಡುವ ಹೊಲ. ನಾಳೆ ಅರಳುವ ಮೊಗ್ಗನ್ನು ಇಂದು ಹೊತ್ತು ಮುಳುಗುವುದರೊಳಗೆ ಹೆಬ್ಬೆರಳ ಉಗುರಿನಿಂದ ಸೀಳಿ, ಒಳಗಿನ ಗಂಡುಪುಡಿ ಕೆರೆದು, ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಬೆಳಿಗ್ಗೆ ಬೇರೆ ಜಾತಿಯ ಗಂಡು ಹೂವು ತಂದು ಸವರಬೇಕು. ಬಿಟ್ಟರೆ ಅದು ತಾನೇ ಅರಳಿ, ತನ್ನ ಪುಡಿಗೇ ಕಾಯಿ ಕಟ್ಟುತ್ತದೆ. ಆ ಬೀಜ ಬೆರೆತರೆ ಇಡೀ ಚೀಲ ಕೆಟ್ಟಂತೆ. ಆ ಕೆಲಸಕ್ಕೆಂದೇ ಉಗುರು ಬೆಳೆಸಿದ್ದೆ. ಸಭೆಯ ಬಾಗಿಲಲ್ಲಿ ಕುಂಕುಮ ಕೊಡುತ್ತಿದ್ದ ಹುಡುಗಿ ಅದರ ಕಪ್ಪು ನೋಡಿ ಕೈ ಹಿಂದೆ ತೆಗೆದುಕೊಂಡಳು.

ಭಾಷಣಕಾರ ದೂರದಿಂದ ಬಂದವನು. ಪರದೆಯ ಮೇಲೆ ಎತ್ತರದ ಕಟ್ಟಡ, ವಿಮಾನ, ಗಾಜಿನ ಸೇತುವೆ ತೋರಿಸಿದ. ಈ ಊರಿನ ಗಟಾರು ಮಾತ್ರ ತೋರಿಸಲಿಲ್ಲ. ಒಂದು ಊರಿನಲ್ಲಿ ಆದದ್ದು ಎಲ್ಲೋ ಇನ್ನೊಂದು ದೇಶದ ಅಡುಗೆಮನೆಗೆ ಮುಟ್ಟಿದರೆ ಅದೇ ಜಾಗತಿಕ ಪ್ರಭಾವ ಎಂದ. ಅಷ್ಟರಲ್ಲಿ ಮೂರು ಹೊಡೆದಿತ್ತು. ನಾನು ಎದ್ದು ನಿಂತೆ.

“ಸಾಹೇಬ್ರ, ನಮ್ಮ ಬೆಂಡಿ ಬೀಜ ಹೊರದೇಶಕ್ಕ ಹೊಕ್ಕಾವು. ಅವರ ಅಡಗಿಮನಿ ನಾವು ಯಾವಾಗೋ ಮುಟ್ಟೇವಿ. ಈಗ ನಮ್ಮನ್ನ ಹೊಲಾ ಮುಟ್ಟಸ್ರಿ.”

ಅವನು ನಕ್ಕು, ಪಾಕೀಟಿನ ಮೇಲೆ ನಿಮ್ಮ ಊರಿನ ಹೆಸರು ಇದೆಯೇನಮ್ಮ ಎಂದು ಕೇಳಿದ. ಇಲ್ಲವೆಂದೆ. ಹಾಗಾದರೆ ಅದು ಪ್ರಭಾವವಲ್ಲ ಎಂದ. ಎಲ್ಲರೂ ಚಪ್ಪಾಳೆ ಹೊಡೆದರು. ಪಕ್ಕದವಳು ಹೊಡೆದಳೆಂದು ನಾನೂ ಹೊಡೆದೆ. ಹೆಸರಿದ್ದರೆ ಪ್ರಭಾವ, ಇಲ್ಲದಿದ್ದರೆ ಕೂಲಿ. ಇಷ್ಟು ಹೇಳಲಿಕ್ಕೆ ಪಾಪ, ಅಷ್ಟು ದೂರದಿಂದ ಬಂದಿದ್ದ.

ದೀಪ ಹಚ್ಚಬೇಕಾದ ದೊಡ್ಡವರು ಇನ್ನೂ ಬಂದಿರಲಿಲ್ಲ. ಕುರ್ಚಿ ಖಾಲಿ ಕಾಣಬಾರದೆಂದು ಪೆಂಡಾಲಿನ ಬಾಗಿಲಿಗೆ ಇಬ್ಬರು ಅಡ್ಡ ನಿಂತರು. ದೊಡ್ಡವರು ಬಂದದ್ದು ಐದೂವರೆಗೆ. ನಾವು ಹೊಲ ಸೇರುವಾಗ ಮೊಗ್ಗು ಕಣ್ಣಿಗೆ ಕಾಣದಷ್ಟು ಕತ್ತಲಾಗಿತ್ತು.

ಬೀಜದ ಹೂವು ಬಿಡುವುದೇ ಒಂದು ತಿಂಗಳು ಚಿಲ್ಲರೆ. ಅದರಲ್ಲಿ ಒಂದು ದಿನದ್ದು ಪೂರಾ ಹೋಯಿತು, ನನ್ನ ಮುಂದಿನ ಸಾಲಿನ ಆಸೆಗೆ. ಗಂಗವ್ವ ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಬದುವಿನ ಮೇಲೆ ಕುಳಿತು ಮೆಲ್ಲಗೆ ಕೇಳಿದಳು.

“ಮುಂಜಾನೆ ಅರಳಿದ ಹೂವಿಗೇ ಹಂಗ ಟೊಪ್ಪಗಿ ಹಾಕಿಬಿಟ್ರ ಯಾರಿಗೆ ಗೊತ್ತಾಕ್ಕೈತ್ರಿ, ಅತ್ತಿ?”

ನಿಜ. ಕಂಪನಿಯವನು ಎಣಿಸುವುದು ಟೊಪ್ಪಿಗೆಯನ್ನು, ಬಿಚ್ಚಿ ನೋಡುವುದಿಲ್ಲ. ನಾನೂ ಸ್ವಲ್ಪ ಹೊತ್ತು ಲೆಕ್ಕ ಹಾಕಿದೆ, ಸುಳ್ಳು ಯಾಕೆ ಹೇಳಲಿ.

“ಇಲ್ಲಿ ಯಾರಿಗೂ ಗೊತ್ತಾಗೂದಿಲ್ಲ ಬಿಡು,” ಎಂದೆ. “ಯಾವ ದೇಶದಾಕಿಯೋ ಬಿತ್ತತಾಳಲ್ಲ, ಅಕಿಗೆ ಗೊತ್ತಾಕ್ಕೈತಿ.”

ಮರುದಿನ ಬೆಳಿಗ್ಗೆ ಸಾಲು ಹಿಡಿದು ಹೋಗಿ, ಅರಳಿದ ಹಳದಿ ಹೂವನ್ನೆಲ್ಲ ಒಂದೂ ಬಿಡದೆ ಕಿತ್ತು, ಬುಟ್ಟಿಗಟ್ಟಲೆ ಎಮ್ಮೆಯ ಮುಂದೆ ಸುರಿದೆ.